ಕಬ್ಬಿನ ಗರಿಯಿಂದ ಬೈಕ್ ಟ್ಯಾಂಕ್‌ವರೆಗೆ: ಇ20 ಗಲಾಟೆ ಅರ್ಥ ಆಗ್ಬೇಕಂದ್ರೆ ಜೀವಕೋಶದ ಲೆಕ್ಕ ನೋಡ್ಬೇಕು

2025ರ ಆಗಸ್ಟ್‌ನಿಂದ ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಶುರುವಾದ ಜಗಳ ಇನ್ನೂ ತಣ್ಣಗಾಗಿಲ್ಲ. ಮೈಲೇಜ್ ಬಿದ್ದೋಯ್ತು ಅಂತ ಬೈಕು ಕಾರು ಇರೋರು ಅಂತಾರೆ, ಬಿದ್ರೂ ಗಾಡಿ ನೋಡ್ಕೊಂಡು ನೂರಕ್ಕೆ ಒಂದರಿಂದ ಆರು ಅಷ್ಟೇ ಅಂತ ಸರ್ಕಾರ ಹೇಳುತ್ತೆ. ಅದೇ ಹೊತ್ತಿಗೆ ನವೆಂಬರ್‌ನಲ್ಲಿ ಬೆಳಗಾವಿ ಕಡೆ ಕಬ್ಬು ಬೆಳೆಗಾರರು ಕಟಾವು ಸಾಗಣೆ ಖರ್ಚು ಬಿಟ್ಟು ಟನ್ನಿಗೆ 3,500 ರೂಪಾಯಿ ಕೊಡಿ ಅಂತ ರಸ್ತೇಲಿ ಕೂತ್ರು, ಆ ಬಿಸಿ ಮಂಡ್ಯಕ್ಕೂ ತಾಗ್ತು. ಇಲ್ಲಿನ ರೈತರ ಪ್ರಶ್ನೆ ಸರಳ: ನಮ್ಮ ಕಬ್ಬಿಂದ ಸಕ್ಕರೆನೂ ಬರುತ್ತೆ, ಎಥನಾಲೂ ಬರುತ್ತೆ, ಕರೆಂಟೂ ಬರುತ್ತೆ, ಆದ್ರೆ ರಿಕವರಿ (ನೂರು ಕೇಜಿ ಕಬ್ಬಿಂದ ಸಿಗೋ ಸಕ್ಕರೆ) ಕಮ್ಮಿ ಅಂತ ನಮಗೆ ಕಮ್ಮಿ ದುಡ್ಡು ಯಾಕೆ?

ಮೇಲ್ನೋಟಕ್ಕೆ ಇವೆರಡೂ ಬೇರೆ ಬೇರೆ ಜಗಳ. ಒಂದು ಪೆಟ್ರೋಲ್ ಬಂಕ್‌ದು, ಇನ್ನೊಂದು ಫ್ಯಾಕ್ಟರಿ ಗೇಟಿಂದು. ಆದ್ರೆ ಎರಡರ ಬೇರೂ ಒಂದೇ ಕಡೆ ಇದೆ. ಬಿಸಿಲಲ್ಲಿರೋ ಶಕ್ತಿನ ಕಬ್ಬಿನ ಜೀವಕೋಶ ಹೇಗೆ ಹಿಡಿದಿಡುತ್ತೆ, ಅದನ್ನ ಈಸ್ಟ್ ಹೇಗೆ ಬಿಚ್ಚುತ್ತೆ, ಬಿಚ್ಚಿದ್ಮೇಲೆ ಎಷ್ಟು ಉಳಿಸುತ್ತೆ ಅನ್ನೋದು ಗೊತ್ತಾದ್ರೆ ಮೈಲೇಜ್ ಯಾಕೆ ಬೀಳುತ್ತೆ, ಕಡಿದ ಕಬ್ಬು ಲಾರೀಲಿ ನಿಂತ್ರೆ ಯಾರಿಗೆ ನಷ್ಟ ಅನ್ನೋದು ತಾನಾಗೇ ಬಿಡಿಸಿಕೊಳ್ಳುತ್ತೆ. ಈ ಲೆಕ್ಕ ಬಿಟ್ಟು ಚರ್ಚೆ ಮಾಡ್ತಿರೋದ್ರಿಂದಲೇ ಎರಡೂ ಕಡೆಯೋರ ಮಾತು ಒಂದಕ್ಕೊಂದು ತಾಳೆ ಆಗ್ತಿಲ್ಲ.

ಎಲೆಯಲ್ಲಿ ನಡೆಯೋ ಕೆಲಸ

ಮಂಡ್ಯದ ವಿ.ಸಿ. ನಾಲೆ ಕೆಳಗೆ ಒಂದೇ ನೀರು ಕುಡಿದು ಭತ್ತನೂ ಬೆಳೆಯುತ್ತೆ, ಕಬ್ಬೂ ಬೆಳೆಯುತ್ತೆ, ಆದ್ರೆ ಇವೆರಡೂ ಬಿಸಿಲನ್ನ ಹಿಡಿಯೋ ರೀತಿ ಒಂದೇ ಅಲ್ಲ. ಭತ್ತದ ಎಲೆ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್‌ನ ನೇರವಾಗಿ ರುಬಿಸ್ಕೊ ಅನ್ನೋ ಕಿಣ್ವದ ಕೈಗೆ ಕೊಡುತ್ತೆ. ಈ ಕಿಣ್ವಕ್ಕೆ ಒಂದು ದೊಡ್ಡ ದೋಷ ಇದೆ, ಸೆಕೆ ಹೆಚ್ಚಾದಷ್ಟೂ ಅದು ಕಾರ್ಬನ್ ಡೈಆಕ್ಸೈಡ್ ಬದಲು ಆಕ್ಸಿಜನ್‌ನ ಹಿಡ್ಕೊಂಡು ಕೆಲಸ ಕೆಡಿಸುತ್ತೆ. ಕಬ್ಬು ಹಾಗೆ ಮಾಡಲ್ಲ. ಮೊದಲು ಹೊರಗಿನ ಕೋಶಗಳಲ್ಲಿ ನಾಲ್ಕು ಕಾರ್ಬನ್ ಇರೋ ಒಂದು ಆಮ್ಲ ಮಾಡಿ, ಅದನ್ನ ಒಳಗಿನ ಕೋಶಗಳಿಗೆ ಸಾಗಿಸಿ, ಅಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಡಿಸಿ ರುಬಿಸ್ಕೊ ಸುತ್ತ ದಟ್ಟವಾಗಿ ತುಂಬುತ್ತೆ, ಹಂಗಾಗಿ ತಪ್ಪು ಆಗೋದು ತೀರಾ ಕಮ್ಮಿ. ಇದನ್ನ 1960ರ ದಶಕದಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಅನ್ನೋ ಇಬ್ಬರು ಬಿಡಿಸಿಟ್ಟರು, ಅದೂ ಕಬ್ಬಿನ ಎಲೆ ಇಟ್ಕೊಂಡೇ. ನಮ್ಮ ರಾಗಿನೂ ಇದೇ ಜಾತಿಗೆ ಸೇರಿದ್ದು, ಬಿಸಿಲು ತಡ್ಕೊಂಡು ನಿಲ್ಲೋಕೆ ಇದೂ ಒಂದು ಕಾರಣ.

ಈ ಅನುಕೂಲ ಪುಕ್ಕಟೆ ಅಲ್ಲ. ಒಂದು ಕಾರ್ಬನ್ ಡೈಆಕ್ಸೈಡ್ ಕಟ್ಟೋಕೆ ಭತ್ತ 3 ಎಟಿಪಿ ಖರ್ಚು ಮಾಡಿದ್ರೆ ಕಬ್ಬು 5 ಖರ್ಚು ಮಾಡುತ್ತೆ. ಈ ಎಟಿಪಿ ಅಂದ್ರೆ ಏನು ಅನ್ನೋದನ್ನ ಸ್ವಲ್ಪ ನಿಂತು ನೋಡ್ಲೇಬೇಕು, ಯಾಕಂದ್ರೆ ಮುಂದಿನದೆಲ್ಲಾ ಅದರ ಮೇಲೇ ನಿಂತಿದೆ.

ಎಟಿಪಿ: ದೊಡ್ಡ ನೋಟಿಗೆ ಚಿಲ್ಲರೆ

ಸಕ್ಕರೆ ಅನ್ನೋದು 500ರ ನೋಟು ಇದ್ದಂಗೆ. ಹತ್ತು ರೂಪಾಯಿ ಟಿಕೆಟ್‌ಗೆ 500 ಕೊಟ್ರೆ ಸಿಟಿ ಬಸ್ ಕಂಡಕ್ಟರ್ ಕೈಯಲ್ಲಿ ವ್ಯವಹಾರ ಆಗಲ್ಲ. ಜೀವಕೋಶದಲ್ಲೂ ಹಂಗೇ, ಒಂದು ಪ್ರೋಟೀನ್ ಕೊಂಡಿ ಹಾಕೋದು, ಒಂದು ಉಪ್ಪಿನ ಅಯಾನನ್ನ ಹೊರಗೆ ತಳ್ಳೋದು ಇಂಥ ಸಣ್ಣ ಸಣ್ಣ ಕೆಲಸಕ್ಕೆ ಸಣ್ಣ ಸಣ್ಣ ಮೊತ್ತ ಬೇಕು. ಆ ಚಿಲ್ಲರೆನೇ ಎಟಿಪಿ. ಅಡಿನೋಸಿನ್ ಅನ್ನೋ ಹಿಡಿಗೆ ಮೂರು ಫಾಸ್ಫೇಟ್ ಸಾಲಾಗಿ ಅಂಟ್ಕೊಂಡಿರ್ತವೆ, ಕೊನೇದು ಬಿಟ್ಟಾಗ ಒಂದು ಮೋಲ್‌ಗೆ (ಅಣುಗಳನ್ನ ಎಣಿಸೋ ಅಳತೆ) ಸುಮಾರು 30 ಕಿಲೋಜೂಲ್ ಸಿಗುತ್ತೆ, ಅದೇ ಒಂದು ಮೋಲ್ ಗ್ಲೂಕೋಸ್ ಪೂರ್ತಿ ಉರಿದ್ರೆ ಸುಮಾರು 2,800 ಕಿಲೋಜೂಲ್. ನೋಟಿಗೂ ಚಿಲ್ಲರೆಗೂ ಇರೋ ಅಂತರ ಇದು.

ಇಲ್ಲಿ ಒಂದು ತಪ್ಪು ತಿಳುವಳಿಕೆ ತುಂಬಾ ಜನಕ್ಕಿದೆ, ಕೆಲವು ಗೈಡ್‌ಗಳಲ್ಲೂ ಹಂಗೇ ಬರೆದಿರ್ತಾರೆ: ಎಟಿಪಿಯ ಬಂಧದೊಳಗೆ ಶಕ್ತಿ ತುಂಬಿರುತ್ತೆ, ಮುರಿದ್ರೆ ಹೊರಗೆ ಬರುತ್ತೆ ಅಂತ. ಯಾವ ಬಂಧ ಮುರಿಯೋಕೂ ಶಕ್ತಿ ಹಾಕ್ಬೇಕೇ ಹೊರತು ಮುರಿದ ಮಾತ್ರಕ್ಕೆ ಶಕ್ತಿ ಬರಲ್ಲ. ಮೂರು ಫಾಸ್ಫೇಟ್‌ಗಳ ಮೇಲೂ ಋಣ ಚಾರ್ಜ್ ಇರೋದ್ರಿಂದ ಅವು ಒಂದನ್ನೊಂದು ದೂಡ್ತಾ ಇಕ್ಕಟ್ಟಲ್ಲಿ ಕೂತಿರ್ತವೆ, ಕೊನೇದು ಬಿಡಿಸಿಕೊಂಡು ನೀರಿನ ಜೊತೆ ಹೊಸ ಬಂಧ ಕಟ್ಕೊಂಡಾಗ ಆ ಇಕ್ಕಟ್ಟು ಕಳೆಯುತ್ತೆ, ಮೊದಲಿನ ಸ್ಥಿತಿಗೂ ಆಮೇಲಿನ ಸ್ಥಿತಿಗೂ ಇರೋ ಅಂತರನೇ ನಮಗೆ ಸಿಗೋ ಶಕ್ತಿ. ಈ ಅಂತರ ಅನ್ನೋ ಪದ ನೆನಪಲ್ಲಿ ಇಟ್ಕೊಳ್ಳಿ, ಪೆಟ್ರೋಲ್ ವಿಷಯಕ್ಕೆ ಬಂದಾಗ ಇದೇ ಬೇಕಾಗೋದು.

ಎಟಿಪಿನ 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಕಂಡುಹಿಡಿದ್ರು, ಅದೇ ವರ್ಷ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ ಭೀಮಾವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಕೂಡ ಬೇರೆಯಾಗಿ ಕಂಡುಹಿಡಿದ್ರು. ಸುಬ್ಬರಾವ್ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲದೇ ಇರೋದು ನಿಜಕ್ಕೂ ಬೇಜಾರಿನ ವಿಷಯ.

ಇನ್ನೊಂದು ಮುಖ್ಯ ವಿಷಯ, ಎಟಿಪಿ ಕೂಡಿಡೋ ವಸ್ತು ಅಲ್ಲ, ಕೈ ಬದಲಾಯಿಸೋ ವಸ್ತು. ಒಬ್ಬ ದೊಡ್ಡವರ ಮೈಯಲ್ಲಿ ಒಂದು ಹೊತ್ತಿಗೆ ಇರೋ ಎಟಿಪಿ ನೂರು ಗ್ರಾಂ ಆಸುಪಾಸು, ಆದ್ರೆ ಅದೇ ಎಟಿಪಿ ಒಡೆದು ಮತ್ತೆ ಕಟ್ಟಿ ಮತ್ತೆ ಒಡೆದು ದಿನಕ್ಕೆ ಹೆಚ್ಚು ಕಮ್ಮಿ ಅವರ ಮೈತೂಕದಷ್ಟು ವಹಿವಾಟು ಆಗುತ್ತೆ. ಕೂಡಿಡೋಕೆ ಬೇರೆ ವಸ್ತು ಬೇಕು. ನಮ್ಮಲ್ಲಿ ಕೊಬ್ಬು ಮತ್ತು ಗ್ಲೈಕೋಜನ್, ಭತ್ತದಲ್ಲಿ ಪಿಷ್ಟ, ಕಬ್ಬಿನಲ್ಲಿ ಸುಕ್ರೋಸ್. ಹೆಚ್ಚಿನ ಗಿಡಗಳಿಗೆ ಸುಕ್ರೋಸ್ ಬರೀ ಸಾಗಣೆಯ ಸರಕು, ಕಬ್ಬು ಮಾತ್ರ ಅದನ್ನೇ ಕಾಂಡದ ಕೋಶಗಳ ಒಳಗಿನ ರಸದ ಚೀಲದಲ್ಲಿ ಗೋಡೌನ್ ತರ ತುಂಬಿಕೊಳ್ಳುತ್ತೆ. ತುಂಬೋಕೂ ಎಟಿಪಿ ಖರ್ಚು, ಎಲೆಯಿಂದ ಕಾಂಡಕ್ಕೆ ಸಾಗಿಸೋಕೂ ಖರ್ಚು. ಕಬ್ಬಿನ ಬಿಲ್ಲಲ್ಲಿ ಕಟಾವು ಸಾಗಣೆ ಅಂತ ಮುರ್ಕೊಳ್ತಾರಲ್ಲ, ಗಿಡದೊಳಗೂ ಅಂಥದ್ದೊಂದು ಮುರ್ಕೊಳ್ಳೋದು ನಡೀತಾನೇ ಇರುತ್ತೆ.

ಕಟ್ಟೆ ಕಟ್ಟಿ ಟರ್ಬೈನ್ ತಿರುಗಿಸೋದು

ಸಕ್ಕರೆಯಿಂದ ಎಟಿಪಿ ಮಾಡೋಕೆ ಎರಡು ದಾರಿ. ದೊಡ್ಡ ದಾರಿ ಮೈಟೋಕಾಂಡ್ರಿಯಾದ್ದು, ಅಂದ್ರೆ ಕೋಶದೊಳಗೆ ಎಟಿಪಿ ಮಾಡೋ ಪುಟ್ಟ ಅಂಗದ್ದು. ಅದನ್ನ ಅರ್ಥ ಮಾಡ್ಕೊಳ್ಳೋಕೆ ಮಂಡ್ಯ ಜಿಲ್ಲೆಯೋರು ದೂರ ಹೋಗ್ಬೇಕಿಲ್ಲ. ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರನ್ನ ಎತ್ತರದಿಂದ ಬಿಟ್ಟು ಟರ್ಬೈನ್ ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟರು. ನಮ್ಮ ಮೈಯ ಮೈಟೋಕಾಂಡ್ರಿಯಾದಲ್ಲೂ ಆಗೋದು ಹೆಚ್ಚು ಕಮ್ಮಿ ಅದೇ. ಸಕ್ಕರೆಯಿಂದ ಕಿತ್ತ ಎಲೆಕ್ಟ್ರಾನ್‌ಗಳು ಒಂದು ಕೈಯಿಂದ ಇನ್ನೊಂದು ಕೈಗೆ ಇಳೀತಾ ಇಳೀತಾ ಕೊನೆಗೆ ಆಕ್ಸಿಜನ್‌ಗೆ ಸೇರ್ತವೆ, ಇಳಿಯುವಾಗ ಸಿಗೋ ಶಕ್ತಿಯಿಂದ ಪ್ರೋಟಾನ್‌ಗಳನ್ನ ಒಂದು ಪೊರೆಯ ಆಚೆಗೆ ತಳ್ಳಿ ಕಟ್ಟೆಯಲ್ಲಿ ನೀರು ನಿಲ್ಲಿಸಿದಂಗೆ ನಿಲ್ಲಿಸ್ತಾರೆ, ಆ ಪ್ರೋಟಾನ್ ವಾಪಸ್ ಬರೋ ದಾರೀಲಿ ಎಟಿಪಿ ಸಿಂಥೇಸ್ ಅನ್ನೋ ಯಂತ್ರ ಇದೆ, ಅದು ನಿಜವಾಗ್ಲೂ ಗಿರಗಿರ ತಿರುಗುತ್ತೆ, ಒಂದು ಸುತ್ತಿಗೆ ಮೂರು ಎಟಿಪಿ ಕಟ್ಟಿಕೊಡುತ್ತೆ.

1961ರಲ್ಲಿ ಪೀಟರ್ ಮಿಚೆಲ್ ಈ ಮಾತು ಹೇಳಿದಾಗ ಹೆಚ್ಚಿನ ವಿಜ್ಞಾನಿಗಳು ಒಪ್ಪಲಿಲ್ಲ, 1978ರಲ್ಲಿ ಅದಕ್ಕೇ ನೊಬೆಲ್ ಬಂತು. ಯಂತ್ರ ತಿರುಗೋ ರೀತಿ ಬಿಡಿಸಿದ್ದಕ್ಕೆ 1997ರಲ್ಲಿ ಪಾಲ್ ಬೋಯರ್ ಮತ್ತು ಜಾನ್ ವಾಕರ್‌ಗೆ ನೊಬೆಲ್ ಬಂತು. ಈ ದಾರೀಲಿ ಒಂದು ಗ್ಲೂಕೋಸ್‌ಗೆ 30ರಿಂದ 32 ಎಟಿಪಿ ಸಿಗುತ್ತೆ, ಆದ್ರೆ ಷರತ್ತು ಒಂದೇ, ಕೊನೇಲಿ ಎಲೆಕ್ಟ್ರಾನ್ ಇಸ್ಕೊಳ್ಳೋಕೆ ಆಕ್ಸಿಜನ್ ಇರ್ಲೇಬೇಕು. ತೂಬಿನ ಆಚೆ ನೀರು ಹೋಗೋ ಜಾಗ ಇಲ್ಲ ಅಂದ್ರೆ ಟರ್ಬೈನ್ ತಿರುಗಲ್ಲ.

ಈಸ್ಟ್ ಅರ್ಧಕ್ಕೇ ಕೈಬಿಡೋದು, ನಮಗೆ ಅದರಿಂದಲೇ ಲಾಭ

ಡಿಸ್ಟಿಲರಿಯ ದೊಡ್ಡ ಟ್ಯಾಂಕಲ್ಲಿ ಕಬ್ಬಿನ ಹಾಲೋ ಕಾಕಂಬಿಯೋ (ಸಕ್ಕರೆ ತೆಗೆದ್ಮೇಲೆ ಉಳಿಯೋ ಪಾಕ) ಹಾಕಿ ಈಸ್ಟ್ ಬಿಟ್ಟಾಗ ಅದು ಈ ದೊಡ್ಡ ದಾರಿ ಹಿಡಿಯಲ್ಲ. ಗ್ಲೂಕೋಸ್‌ನ ಎರಡು ತುಂಡು ಮಾಡಿ, ಬರೀ 2 ಎಟಿಪಿ ತಗೊಂಡು ನಿಲ್ಲಿಸುತ್ತೆ. 30 ಸಿಗೋ ಕಡೆ 2. ಆದ್ರೆ ಇಲ್ಲಿ ಒಂದು ತೊಡಕು, ಸಕ್ಕರೆ ಒಡೆಯುವಾಗ ಕಿತ್ತ ಎಲೆಕ್ಟ್ರಾನ್‌ಗಳನ್ನ ಎನ್‌ಎಡಿ ಅನ್ನೋ ವಾಹಕ ಹೊತ್ಕೊಂಡಿರುತ್ತೆ, ಅದು ಹೊರೆ ಇಳಿಸದೇ ಇದ್ರೆ ಮುಂದಿನ ಸಕ್ಕರೆ ಒಡೆಯೋಕೆ ಖಾಲಿ ವಾಹಕನೇ ಇರಲ್ಲ, ಎರಡು ಎಟಿಪಿನೂ ನಿಂತುಹೋಗುತ್ತೆ. ಹಂಗಾಗಿ ಈಸ್ಟ್ ಆ ತುಂಡುಗಳಿಂದ ಕಾರ್ಬನ್ ಡೈಆಕ್ಸೈಡ್ ಕಳಚಿ ಉಳಿದ ಅಸಿಟಾಲ್ಡಿಹೈಡ್ ತಲೆ ಮೇಲೆ ಆ ಎಲೆಕ್ಟ್ರಾನ್ ಹೊರಿಸಿಬಿಡುತ್ತೆ. ಹಂಗೆ ಹೊರೆ ಹೊತ್ತ ಅಸಿಟಾಲ್ಡಿಹೈಡೇ ಎಥನಾಲ್. ಈಸ್ಟ್ ಪಾಲಿಗೆ ಅದು ಕಸ, ಎಂಜಿನ್ ಪಾಲಿಗೆ ಇಂಧನ.

ಗಾಳಿ ಇಲ್ಲದಿದ್ರೆ ಮಾತ್ರ ಹಿಂಗೆ ಮಾಡುತ್ತೆ ಅಂತ ಶಾಲೇಲಿ ಓದಿರ್ತೀವಿ, ಪೂರ್ತಿ ನಿಜ ಅಲ್ಲ. ಸಕ್ಕರೆ ತುಂಬಾ ಇದ್ರೆ ಆಕ್ಸಿಜನ್ ಇದ್ರೂ ಬ್ರೆಡ್ ಈಸ್ಟ್ ಎಥನಾಲ್ ಮಾಡುತ್ತೆ. ಯಾಕಂದ್ರೆ ಸಣ್ಣ ದಾರಿ ಬೇಗ ಮುಗಿಯೋ ದಾರಿ, ಒಂದು ಸಕ್ಕರೆಗೆ ಸಿಗೋದು ಕಮ್ಮಿ ಆದ್ರೂ ಒಂದು ನಿಮಿಷಕ್ಕೆ ಸಿಗೋದು ಹೆಚ್ಚು, ಜೊತೆಗೆ ಮದ್ಯದಲ್ಲಿ ಬದುಕೋಕಾಗದ ಬೇರೆ ಸೂಕ್ಷ್ಮಜೀವಿಗಳು ಪಕ್ಕಕ್ಕೆ ಸರೀತವೆ.

ಈಗ ಬಹಳ ಮುಖ್ಯವಾದ ಲೆಕ್ಕ. 180 ಗ್ರಾಂ ಗ್ಲೂಕೋಸ್‌ನಿಂದ 92 ಗ್ರಾಂ ಎಥನಾಲ್, 88 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಅಂದ್ರೆ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಗಾಳಿಗೆ ಹೋಯ್ತು. ಆದ್ರೆ ಶಕ್ತಿ? ಆ ಗ್ಲೂಕೋಸ್ ಉರಿದ್ರೆ ಸುಮಾರು 2,800 ಕಿಲೋಜೂಲ್, ಅದರಿಂದ ಬಂದ ಎಥನಾಲ್ ಉರಿದ್ರೆ ಸುಮಾರು 2,730. ನೂರಕ್ಕೆ 97 ಪಾಲು ಹಂಗೇ ಉಳಿದಿದೆ! ಅರ್ಧ ತೂಕ ಕಳ್ಕೊಂಡೂ ಶಕ್ತಿ ಕಳ್ಕೊಳ್ಳಲಿಲ್ಲ, ಇದು ಹೆಂಗೆ ಸಾಧ್ಯ? ಉತ್ತರ ಸಿಗೋದು ಆಕ್ಸಿಜನ್‌ನಲ್ಲಿ, ಮೈಲೇಜ್ ಪ್ರಶ್ನೆಗೂ ಅದೇ ಉತ್ತರ.

ಮೈಲೇಜ್ ಯಾಕೆ ಬೀಳುತ್ತೆ

ಇಂಧನದ ಶಕ್ತಿ ಅಂದ್ರೆ ಇಂಧನದ ಒಳಗೆ ಬಚ್ಚಿಟ್ಟ ಏನೋ ಒಂದು ಅಲ್ಲ. ಇಂಧನಕ್ಕೂ ಗಾಳಿಯ ಆಕ್ಸಿಜನ್‌ಗೂ ನಡುವೆ ಇರೋ ಅಂತರ ಅದು. ಕಾರ್ಬನ್ ಮತ್ತು ಹೈಡ್ರೋಜನ್ ಹೋಗಿ ಆಕ್ಸಿಜನ್ ಜೊತೆ ಸೇರಿದಾಗ ಆ ಅಂತರ ಶಾಖವಾಗಿ ಹೊರಬರುತ್ತೆ. ಒಂದು ಅಣುವಿನಲ್ಲಿ ಮೊದಲೇ ಆಕ್ಸಿಜನ್ ಸೇರ್ಕೊಂಡಿದ್ರೆ ಅದು ಅರೆಬರೆ ಉರಿದು ಮುಗಿದಂಗೇ ಲೆಕ್ಕ. ಸಕ್ಕರೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಆಕ್ಸಿಜನ್, ಅದಕ್ಕೇ ಗ್ರಾಂಗೆ 4 ಕ್ಯಾಲರಿ. ಎಥನಾಲ್‌ನಲ್ಲಿ ನೂರಕ್ಕೆ 35ರಷ್ಟು, ಗ್ರಾಂಗೆ 7. ಎಣ್ಣೆ ತುಪ್ಪದಲ್ಲಿ ಇನ್ನೂ ಕಮ್ಮಿ, ಗ್ರಾಂಗೆ 9. ಪೆಟ್ರೋಲ್‌ನ ಹೈಡ್ರೋಕಾರ್ಬನ್‌ಗಳಲ್ಲಿ ಆಕ್ಸಿಜನ್ನೇ ಇಲ್ಲ, ಅದು ಎಲ್ಲರಿಗಿಂತ ಮೇಲೆ. ಈಸ್ಟ್ ಮಾಡಿದ್ದು ಇಷ್ಟೇ, ಸಕ್ಕರೆಯಲ್ಲಿದ್ದ ಆಕ್ಸಿಜನ್‌ನ ಮೂರನೇ ಎರಡು ಪಾಲನ್ನ ಕಾರ್ಬನ್ ಡೈಆಕ್ಸೈಡ್ ರೂಪದಲ್ಲಿ ಹೊರಗೆ ಹಾಕ್ತು, ಉರಿಯೋ ಭಾಗ ಎಥನಾಲ್‌ನಲ್ಲಿ ಒಟ್ಟುಗೂಡ್ತು.

ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್, ಒಂದು ಲೀಟರ್ ಎಥನಾಲ್‌ನಲ್ಲಿ ಸುಮಾರು 21. ನೂರಕ್ಕೆ ಇಪ್ಪತ್ತು ಬೆರೆಸಿದ್ರೆ ಲೀಟರಿಗೆ ಸುಮಾರು 29.8 ಆಗುತ್ತೆ, ಅಂದ್ರೆ ಶುದ್ಧ ಪೆಟ್ರೋಲ್‌ಗಿಂತ ನೂರಕ್ಕೆ 7ರಷ್ಟು ಕಮ್ಮಿ. ಆದ್ರೆ ನಮ್ಮ ಬಂಕ್‌ಗಳಲ್ಲಿ ಇ20 ಬರೋ ಮುಂಚೆ ಸಿಗ್ತಿದ್ದದ್ದು ಶುದ್ಧ ಪೆಟ್ರೋಲ್ ಅಲ್ಲ, ಆಗ್ಲೇ ಹತ್ತು ಪಾಲು ಎಥನಾಲ್ ಇತ್ತು. ಇ10ಕ್ಕೆ ಹೋಲಿಸಿದ್ರೆ ಇಳಿಕೆ ಮೂರೂವರೆ ಆಸುಪಾಸು. ಜಗಳದ ಅರ್ಧ ಗೊಂದಲ ಇಲ್ಲಿಂದಲೇ ಬಂದಿದ್ದು, ಒಬ್ಬರು ಶುದ್ಧ ಪೆಟ್ರೋಲ್‌ನ ಎದುರಿಗಿಟ್ಟು ಲೆಕ್ಕ ಹೇಳ್ತಾರೆ, ಇನ್ನೊಬ್ಬರು ಇ10ನ ಎದುರಿಗಿಟ್ಟು ಹೇಳ್ತಾರೆ. ನೀತಿ ಆಯೋಗದ 2021ರ ವರದಿಯಲ್ಲೇ ಇದು ಬಿಡಿಬಿಡಿಯಾಗಿದೆ: ಶುದ್ಧ ಪೆಟ್ರೋಲ್‌ಗೆ ವಿನ್ಯಾಸ ಮಾಡಿ ಇ10ಕ್ಕೆ ಹೊಂದಿಸಿದ ಕಾರಲ್ಲಿ 6ರಿಂದ 7, ಅಂಥ ದ್ವಿಚಕ್ರ ವಾಹನದಲ್ಲಿ 3ರಿಂದ 4, ಇ10ಕ್ಕೆ ವಿನ್ಯಾಸ ಮಾಡಿ ಇ20ಗೆ ಹೊಂದಿಸಿದ ಕಾರಲ್ಲಿ 1ರಿಂದ 2 ಪರ್ಸೆಂಟ್ ಇಳಿಕೆ. ಹೊಸ ಎಂಜಿನ್‌ನಲ್ಲಿ ನಷ್ಟ ಕಮ್ಮಿ ಯಾಕಂದ್ರೆ ಎಥನಾಲ್‌ನ ಆಕ್ಟೇನ್ (ಎಂಜಿನ್ ಒಳಗೆ ಹೊತ್ತಿಗೆ ಮುಂಚೆ ಹೊತ್ಕೊಳ್ಳದೇ ತಡೆಯೋ ಗುಣ) ಹೆಚ್ಚು, ಅದಕ್ಕೆ ತಕ್ಕಂಗೆ ಟ್ಯೂನ್ ಮಾಡಿದ್ರೆ ಒಂದಷ್ಟು ವಾಪಸ್ ಪಡೀಬಹುದು.

ಹಂಗಾದ್ರೆ ನೂರಕ್ಕೆ ಹದಿನೈದು ಇಪ್ಪತ್ತು ಬಿದ್ದೋಯ್ತು ಅನ್ನೋರ ಮಾತು? ಎಥನಾಲ್‌ನ ಶಕ್ತಿ ಕಮ್ಮಿ ಇರೋದೊಂದೇ ಅಷ್ಟು ಬೀಳಿಸೋಕೆ ಸಾಧ್ಯ ಇಲ್ಲ, ಲೆಕ್ಕ ಅದನ್ನ ಒಪ್ಪಲ್ಲ. ಹಳೇ ಕಾರ್ಬುರೇಟರ್ ಬೈಕ್‌ಗಳ ವಿಷಯ ಸ್ವಲ್ಪ ಬೇರೆ. ಎಥನಾಲ್ ಉರಿಯೋಕೆ ಗಾಳಿ ಕಮ್ಮಿ ಸಾಕು, ಆದ್ರೆ ಕಾರ್ಬುರೇಟರ್‌ಗೆ ಅದು ಗೊತ್ತಾಗಲ್ಲ, ಮೊದಲಿನಷ್ಟೇ ಗಾಳಿ ಬಿಡುತ್ತೆ, ಮಿಶ್ರಣ ತೆಳ್ಳಗಾಗಿ ಪಿಕಪ್ ಹೋಗುತ್ತೆ, ಓಡ್ಸೋರು ಆಕ್ಸಲರೇಟರ್ ಜಾಸ್ತಿ ತಿರುವ್ತಾರೆ. ಹಳೇ ರಬ್ಬರ್ ಪೈಪು, ಗ್ಯಾಸ್ಕೆಟ್ ಬೇಗ ಹಾಳಾಗೋದೂ ನಿಜವೇ, ಎಥನಾಲ್ ನೀರು ಹೀರ್ಕೊಳ್ಳೋದೂ ನಿಜವೇ. ಇ20 ತಡ್ಕೊಳ್ಳೋ ಭಾಗಗಳಿರೋ ಗಾಡಿ 2023ರ ಏಪ್ರಿಲ್‌ನಿಂದ ಬರ್ಬೇಕು ಅಂತ ಯೋಜನೆ ಹಾಕಿದ್ದು, ಅದಕ್ಕಿಂತ ಮುಂಚಿನ ಗಾಡಿ ಇಟ್ಕೊಂಡಿರೋರು ಏನು ಮಾಡ್ಬೇಕು ಅನ್ನೋ ಪ್ರಶ್ನೆಗೆ ನೇರ ಉತ್ತರ ಸಿಕ್ಕಿಲ್ಲ. ಎಥನಾಲ್ ಇಲ್ಲದ ಪೆಟ್ರೋಲ್ ಆಯ್ಕೆ ಕೊಡಿ ಅಂತ ಹೋದ ಅರ್ಜಿನ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡ್ತು.

ಕಡಿದ ಕಬ್ಬು ಉಸಿರಾಡ್ತಾನೇ ಇರುತ್ತೆ

ಇನ್ನು ಫ್ಯಾಕ್ಟರಿ ಗೇಟಿನ ಜಗಳ. ಇದರ ಬಗ್ಗೆ ಜಾಸ್ತಿ ಬರೀಬೇಕು ಯಾಕಂದ್ರೆ ಬಡವರ ಹೊಟ್ಟೆ ಮೇಲೆ ಬೀಳೋದು ಇದೇ, ಮೈಲೇಜ್ ಅಲ್ಲ.

2025-26ನೇ ಸಾಲಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ (ಫ್ಯಾಕ್ಟರಿ ರೈತರಿಗೆ ಕೊಡ್ಲೇಬೇಕಾದ ಕನಿಷ್ಠ ದರ), 10.25 ಪರ್ಸೆಂಟ್ ರಿಕವರಿಗೆ ಕ್ವಿಂಟಾಲ್‌ಗೆ 355 ರೂಪಾಯಿ. ರಿಕವರಿ 0.1 ಏರಿದ್ರೆ ಕ್ವಿಂಟಾಲ್‌ಗೆ 3.46 ಜಾಸ್ತಿ, ಇಳಿದ್ರೆ ಅಷ್ಟೇ ಕಮ್ಮಿ, 9.5 ಅಥವಾ ಅದಕ್ಕಿಂತ ಕೆಳಗಿದ್ರೆ 329.05ಕ್ಕೆ ನಿಲ್ಲುತ್ತೆ. ಅಂದ್ರೆ ಟನ್ನಿಗೆ 3,550 ಮತ್ತು 3,290ರ ನಡುವಿನ 260 ರೂಪಾಯಿ ಅಂತರ ಪೂರ್ತಿ ನಿಂತಿರೋದು ಕಬ್ಬಿನ ಕೋಶದ ಚೀಲದಲ್ಲಿ ಎಷ್ಟು ಸುಕ್ರೋಸ್ ಉಳಿದಿದೆ ಅನ್ನೋದರ ಮೇಲೆ. ಬೆಳಗಾವಿ ಬಾಗಲಕೋಟೆ ಕಡೆಗಿಂತ ನಮ್ಮ ಕಡೆ ರಿಕವರಿ ಕಮ್ಮಿ ಬರುತ್ತೆ ಅನ್ನೋದು ಹಳೇ ಮಾತು. ಯಾಕೆ?

ಕಬ್ಬು ಬೆಳೆಯೋ ಹುರುಪಲ್ಲಿ ಇರೋವಾಗ ಬಂದ ಸಕ್ಕರೆನೆಲ್ಲಾ ಹೊಸ ಗಣ್ಣು ಹೊಸ ಗರಿ ಕಟ್ಟೋಕೆ ಸುರೀತದೆ, ಕೋಶದ ಚೀಲದಲ್ಲಿರೋ ಇನ್ವರ್ಟೇಸ್ ಅನ್ನೋ ಕಿಣ್ವ ಸುಕ್ರೋಸ್‌ನ ಒಡೆದು ಒಡೆದು ಕೊಡ್ತಾನೇ ಇರುತ್ತೆ. ಒಣ ಹವೆ, ತಣ್ಣನೆ ರಾತ್ರಿ, ನೀರು ಕಮ್ಮಿ ಮಾಡಿದ ಗದ್ದೆ, ಇವೆಲ್ಲಾ ಕೂಡಿದಾಗ ಬೆಳವಣಿಗೆ ನಿಂತು, ರಾತ್ರಿ ಉಸಿರಾಟಕ್ಕೆ ಹೋಗೋ ಸಕ್ಕರೆ ಕಮ್ಮಿಯಾಗಿ, ಚೀಲ ತುಂಬುತ್ತೆ. ಉತ್ತರ ಕರ್ನಾಟಕದಲ್ಲಿ ಅರೆಯೋದು ಶುರುವಾಗೋದೇ ಮಳೆ ಮುಗಿದ್ಮೇಲೆ ಚಳಿ ಹತ್ತಿರ ಬಂದಾಗ. ನಮ್ಮ ಕಡೆ ಜೂನ್ ಜುಲೈಯಲ್ಲೇ ಶುರು, ಮಳೆ ಬೀಳ್ತಾ ಇರುತ್ತೆ, ಕಬ್ಬಿಗೆ ಇನ್ನೂ ಬೆಳೆಯೋ ಯೋಚನೆ. ಇದರಲ್ಲಿ ರೈತನ ತಪ್ಪು ಏನಿದೆ?

ಇನ್ನೊಂದು ತುದಿ, ತಡವಾದ ಕಟಾವು. ಕಬ್ಬು ಬಲಿತು ಹದಿನಾಲ್ಕು ಹದಿನಾರು ತಿಂಗಳಾದ್ರೂ ಕಡಿಯೋಕೆ ಪರ್ಮಿಟ್ ಬರ್ಲಿಲ್ಲ ಅಂತ ಮಂಡ್ಯ ರೈತರು ಗೋಳಾಡೋದು ಹೊಸದಲ್ಲ. ಬಲಿತ ಕಬ್ಬು ಸೂಲಂಗಿ ಬಿಟ್ಟು, ಪಕ್ಕದ ಕಣ್ಣು ಒಡೆದು ಚಿಗುರೋಕೆ ಹೊರಟ್ರೆ ಕೂಡಿಟ್ಟ ಸಕ್ಕರೆನೇ ಕರಗಿಸಿ ತಿನ್ನುತ್ತೆ, ನಡುವೆ ಬೆಂಡಾಗುತ್ತೆ.

ಕಡಿದ್ಮೇಲಂತೂ ಇನ್ನೂ ಬೇಗ. ಕಡಿದ ತಕ್ಷಣ ಕಬ್ಬು ಸಾಯಲ್ಲ. ಒಂದೊಂದು ಕೋಶನೂ ಉಸಿರಾಡ್ತಾ ಎಟಿಪಿ ಬೇಕು ಅಂತ ಸಕ್ಕರೆ ಉರಿಸ್ತಾನೇ ಇರುತ್ತೆ, ಆದ್ರೆ ಎಲೆಯಿಂದ ಹೊಸ ಸಕ್ಕರೆ ಬರೋದು ನಿಂತಿದೆ. ಇತ್ತ ನೀರು ಆರಿ ತೂಕ ಇಳಿಯುತ್ತೆ, ಇನ್ವರ್ಟೇಸ್ ಸುಕ್ರೋಸ್‌ನ ಗ್ಲೂಕೋಸ್ ಫ್ರಕ್ಟೋಸ್ ಮಾಡುತ್ತೆ, ಇವು ಹರಳುಗಟ್ಟಲ್ಲ, ಕಾಕಂಬಿಗೆ ಹೋಗ್ತವೆ. ಕಡಿದ ಜಾಗದಿಂದ ಲ್ಯುಕೊನಾಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಹೊಕ್ಕು ಸಕ್ಕರೆನ ಲೋಳೆ ಮಾಡುತ್ತೆ, ಇಡ್ಲಿ ಹಿಟ್ಟು ಉಬ್ಬಿಸೋದೂ ಇದೇ ಬಳಗ, ಅಲ್ಲಿ ಉಪಕಾರಿ ಇಲ್ಲಿ ಶತ್ರು. ಇದಕ್ಕೇ ಕಡಿದ 24 ಗಂಟೆಯೊಳಗೆ ಅರೀಬೇಕು ಅಂತ ಹೇಳೋದು. ಆಲೆಮನೆಯೋರಿಗೆ ಇದು ಯಾರೂ ಹೇಳಿಕೊಡ್ಬೇಕಿಲ್ಲ, ಹಳಸಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಹಾಕಿದ್ರೆ ಬೆಲ್ಲ ಅಚ್ಚು ನಿಲ್ಲಲ್ಲ ಅನ್ನೋದು ಅವರ ಕೈಗೇ ಗೊತ್ತು.

ಈಗ ಇದನ್ನ ಜೋಡಿಸಿ ನೋಡಿ. ಯಾವತ್ತು ಕಡೀಬೇಕು ಅನ್ನೋದು ಫ್ಯಾಕ್ಟರಿ ತೀರ್ಮಾನ, ಯಾರ್ಡಲ್ಲಿ ಎಷ್ಟು ಹೊತ್ತು ಲಾರಿ ನಿಲ್ಬೇಕು ಅನ್ನೋದೂ ಫ್ಯಾಕ್ಟರಿ ತೀರ್ಮಾನ, ಯಾವ ತಿಂಗಳು ಯಂತ್ರ ಶುರು ಮಾಡ್ಬೇಕು ಅನ್ನೋದೂ ಅವರದ್ದೇ. ಆದ್ರೆ ತೂಕ ಇಳಿದ್ರೆ ಕಳ್ಕೊಳ್ಳೋದು ರೈತ, ಫ್ಯಾಕ್ಟರಿಯ ಸರಾಸರಿ ರಿಕವರಿ ಇಳಿದ್ರೆ ದರದಲ್ಲಿ ಕಳ್ಕೊಳ್ಳೋದೂ ರೈತ. ಒಳ್ಳೇ ವಿಸಿಎಫ್ 0517 ತಳಿ ಹಾಕಿ ಚೆನ್ನಾಗಿ ಬೆಳೆದವನಿಗೂ ಅದೇ ಸರಾಸರಿ. ಇಲ್ಲಿ ನ್ಯಾಯ ಇಲ್ಲ. ಕೋಶದೊಳಗೆ ನಡೆಯೋ ಉಸಿರಾಟನ ಯಾರೂ ನಿಲ್ಲಿಸೋಕಾಗಲ್ಲ, ಆದ್ರೆ ಅದು ಎಷ್ಟು ಗಂಟೆ ನಡೀಬೇಕು ಅನ್ನೋದು ಯಾರ ಕೈಲಿದೆಯೋ ನಷ್ಟನೂ ಅವರೇ ಹೊರ್ಬೇಕು.

ದುಡ್ಡಿನ ಕಡೆಯಿಂದ ನೋಡಿದ್ರೆ

ಒಂದು ಟನ್ ಕಬ್ಬಿನ ಹಾಲಿಂದ ನೇರ ಎಥನಾಲ್ ಮಾಡಿದ್ರೆ ಸುಮಾರು 70 ಲೀಟರ್ ಬರುತ್ತೆ. 2024-25ರಲ್ಲಿ ಕಬ್ಬಿನ ಹಾಲಿನ ಎಥನಾಲ್‌ಗೆ ಇದ್ದ ದರ ಲೀಟರ್‌ಗೆ 65.61 ರೂಪಾಯಿ. ಗುಣಿಸಿದ್ರೆ 4,600 ಹತ್ತಿರ. ರೈತರು ಕೇಳ್ತಿರೋದು ಇದನ್ನೇ, 4,600 ಬರುತ್ತೆ, ಮೇಲೆ ಸಿಪ್ಪೆ ಉರಿಸಿ ಕರೆಂಟ್ ಮಾರ್ತೀರಿ, ನಮಗೆ 3,500 ಕೊಡೋಕೆ ಏನು ಕಷ್ಟ? ಫ್ಯಾಕ್ಟರಿಯೋರ ಉತ್ತರನೂ ಪೂರ್ತಿ ತಳ್ಳಿಹಾಕೋ ಹಾಗಿಲ್ಲ: ಸಕ್ಕರೆಯ ಕನಿಷ್ಠ ಮಾರಾಟ ದರ 2019ರಲ್ಲಿ ಕೇಜಿಗೆ 31 ರೂಪಾಯಿ ಅಂತ ಮಾಡಿದ್ದು, ಆಮೇಲೆ ಎಫ್‌ಆರ್‌ಪಿ ವರ್ಷ ವರ್ಷ ಏರ್ತು, ಎಥನಾಲ್ ಮಾಡೋ ಸಾಮರ್ಥ್ಯ ಕಟ್ಟಿಸಿದ್ರೂ ಕೊಳ್ಳೋ ಕೋಟಾ ಸಿಕ್ತಿಲ್ಲ. ರಾಜ್ಯದಲ್ಲಿ 270 ಕೋಟಿ ಲೀಟರ್ ಸಾಮರ್ಥ್ಯ ಇದ್ರೂ ಹಂಚಿಕೆ ಆಗಿರೋದು 47 ಕೋಟಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ 2025ರ ನವೆಂಬರ್‌ನಲ್ಲಿ ಪ್ರಧಾನಿಗೆ ಬರೆದ್ರು. ಈ ನಡುವೆ ಮೆಕ್ಕೆಜೋಳದಿಂದ ಮಾಡೋ ಎಥನಾಲ್ ಪಾಲು ದೇಶದಲ್ಲಿ ಕಬ್ಬನ್ನ ಮೀರಿಸಿ ಹೋಗಿದೆ. ಕೊನೆಗೆ ಟನ್ನಿಗೆ 3,300 ಅಂತ ರಾಜ್ಯ ಸರ್ಕಾರ ರಾಜಿ ಮಾಡಿಸ್ತು, ಅದೂ ಹೆಚ್ಚು ರಿಕವರಿ ಇರೋ ಕಬ್ಬಿಗೆ.

ಬಂಕಲ್ಲಿ ಬೆಲೆ ಯಾಕೆ ಇಳಿದಿಲ್ಲ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಒಂದು ಲೀಟರ್ ಪೆಟ್ರೋಲ್‌ನಷ್ಟು ಶಕ್ತಿ ಬೇಕಂದ್ರೆ ಒಂದೂವರೆ ಲೀಟರ್ ಎಥನಾಲ್ ಬೇಕು, 65.61ರ ಲೆಕ್ಕದಲ್ಲಿ ಅದಕ್ಕೇ ತೆರಿಗೆ ಇಲ್ಲದೆ ನೂರು ರೂಪಾಯಿ ಹತ್ತಿರ ಆಗುತ್ತೆ. ಎಥನಾಲ್ ಅಗ್ಗ ಅನ್ನೋ ನಂಬಿಕೆನೇ ತಪ್ಪು. ದೇಶಕ್ಕೆ ಡಾಲರ್ ಉಳಿಯಬಹುದು, ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಹೊರಗಿಂದ ತರೋ ನಮಗೆ ಅದು ಸಣ್ಣ ವಿಷಯ ಅಲ್ಲ, ಆದ್ರೆ ಆ ಉಳಿತಾಯದ ಖರ್ಚು ಗಾಡಿ ಓಡ್ಸೋರ ಮೇಲೆ ಬಿದ್ದಿದೆ, ಅದನ್ನ ಬಾಯಿಬಿಟ್ಟು ಹೇಳ್ಬೇಕಿತ್ತು. ಬಂಕಿನ ಪಂಪ್ ಮೇಲೆ ಲೀಟರಿಗೆ ಎಷ್ಟು ಮೆಗಾಜೂಲ್ ಅಂತ ಒಂದು ಚೀಟಿ ಅಂಟಿಸಿದ್ರೂ ಅರ್ಧ ಜಗಳ ನಿಲ್ತಿತ್ತು.

ನೀರು ಮತ್ತು ಬಿಸಿಲು

ಮಂಡ್ಯದಲ್ಲಿ ಕೂತು ಎಥನಾಲ್ ಬಗ್ಗೆ ಮಾತಾಡುವಾಗ ಕೆಆರ್‌ಎಸ್ ಮಟ್ಟ ಬಿಟ್ಟು ಮಾತಾಡೋಕಾಗಲ್ಲ. ಕಬ್ಬಿನ ಒಂದು ಲೀಟರ್ ಎಥನಾಲ್‌ಗೆ ಸುಮಾರು 2,860 ಲೀಟರ್ ನೀರು ಅಂತ ನೀತಿ ಆಯೋಗದ ಅದೇ ವರದಿ ಹೇಳುತ್ತೆ. 2023ರಲ್ಲಿ ಮಳೆ ಕೈಕೊಟ್ಟಾಗ ಏನಾಯ್ತು ನೆನಪಿಸ್ಕೊಳ್ಳಿ, ಕಟ್ಟೆ ತುಂಬಲಿಲ್ಲ, ನಾಲೆ ಕೊನೇ ಭಾಗದೋರ ಕಬ್ಬು ಒಣಗ್ತು, ಸಕ್ಕರೆ ಕಮ್ಮಿಯಾಗುತ್ತೆ ಅನ್ನೋ ಭಯಕ್ಕೆ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡೋಕೆ ತಡೆ ಹಾಕ್ತು, ಆಮೇಲೆ ಮಿತಿ ಹಾಕಿ ಬಿಡ್ತು, 2024ರ ಆಗಸ್ಟ್‌ನಲ್ಲಿ ಪೂರ್ತಿ ತೆಗೀತು.

ಬಿಸಿಲಿನ ಲೆಕ್ಕ ಇನ್ನೂ ಯೋಚನೆಗೆ ಹಚ್ಚುತ್ತೆ. ಹೆಕ್ಟೇರ್‌ಗೆ 100 ಟನ್ ಕಬ್ಬು ಬಂತು ಅಂತ ಇಟ್ಕೊಂಡ್ರೆ, ವರ್ಷಕ್ಕೆ ಆ ನೆಲದ ಮೇಲೆ ಬೀಳೋ ಬಿಸಿಲಿನ ಶಕ್ತೀಲಿ ಗಿಡ ಹಿಡಿಯೋದು ನೂರಕ್ಕೆ ಒಂದು ಪಾಲು ಆಸುಪಾಸು, ಕೊನೆಗೆ ಎಥನಾಲ್ ಆಗಿ ಟ್ಯಾಂಕ್ ಸೇರೋದು ಅದರಲ್ಲೂ ಐದನೇ ಒಂದು ಪಾಲು. ಸೋಲಾರ್ ಪ್ಯಾನಲ್ ಅದೇ ಬಿಸಿಲಲ್ಲಿ ನೂರಕ್ಕೆ ಹದಿನೆಂಟು ಇಪ್ಪತ್ತು ಹಿಡಿಯುತ್ತೆ. ಎಥನಾಲ್ ಬಿಟ್ಟು ಎಲೆಕ್ಟ್ರಿಕ್ ಗಾಡಿ ಕಡೆ ಹೋಗಿ ಅನ್ನೋರ ವಾದಕ್ಕೆ ಬಲ ಇರೋದು ಇಲ್ಲಿ. ಆದ್ರೆ ಪ್ಯಾನಲ್ ಹಿಡಿದ ಶಕ್ತಿನ ಕೂಡಿಡೋಕೆ ಬ್ಯಾಟರಿ ಬೇಕು, ಕಬ್ಬು ಹಿಡಿದದ್ದನ್ನ ತಾನೇ ಕೂಡಿಡುತ್ತೆ, ಮೇಲೆ ಸಿಪ್ಪೆ ಉರಿಸಿ ಡಿಸ್ಟಿಲರಿಯ ಒಲೆನೂ ಅದೇ ನಡೆಸುತ್ತೆ, ಸಾವಿರಾರು ಮನೆಗೆ ಕೂಲಿನೂ ಕೊಡುತ್ತೆ. 1933ರಲ್ಲಿ ಶುರುವಾದ ಮೈಷುಗರ್ ಸಕ್ಕರೆ ಕಾರ್ಖಾನೆ ಸುತ್ತ ಒಂದು ಊರೇ ಬೆಳೆದಿದ್ದು ಸುಮ್ನೆ ಅಲ್ಲ.

ಇ27 ಬಂದ್ರೆ

ಈಗ 27 ಪಾಲು ಬೆರೆಸೋ ಮಾತು ನಡೀತಿದೆ. ಅದೇ ಲೆಕ್ಕ ಹಾಕಿದ್ರೆ ಶುದ್ಧ ಪೆಟ್ರೋಲ್‌ಗಿಂತ ಲೀಟರಿಗೆ ನೂರಕ್ಕೆ 9ರಷ್ಟು ಶಕ್ತಿ ಕಮ್ಮಿ, ಇ20ಗಿಂತ ಇನ್ನೆರಡೂವರೆ ಕಮ್ಮಿ. ಈಗ ಓಡ್ತಿರೋ ಬಹುಪಾಲು ಗಾಡಿ ಅದಕ್ಕೆ ಮಾಡಿದ್ದಲ್ಲ, ಹಂಗಾಗಿ ಹಳೇ ಮಿಶ್ರಣನೂ ಪಕ್ಕದಲ್ಲಿ ಸಿಗೋ ಹಾಗೆ ಮಾಡದೇ ತಂದ್ರೆ ಇದೇ ಜಗಳ ಇನ್ನೂ ಜೋರಾಗಿ ಬರುತ್ತೆ. ಹೆಚ್ಚುವರಿ ಎಥನಾಲ್ ಎಲ್ಲಿಂದ ಬರುತ್ತೆ ಅನ್ನೋದು ಅದಕ್ಕಿಂತ ದೊಡ್ಡ ಪ್ರಶ್ನೆ. ಮೆಕ್ಕೆಜೋಳಕ್ಕೆ ಹೋದ್ರೆ ಕೋಳಿ ಆಹಾರದ ಬೆಲೆ ಏರುತ್ತೆ, ಕಬ್ಬಿಗೆ ಬಂದ್ರೆ ಕಾವೇರಿ ನೀರು ಬೇಕು, ಸಿಪ್ಪೆಯಿಂದ ಮಾಡೋಣ ಅಂದ್ರೆ ಡಿಸ್ಟಿಲರಿಯ ಈಸ್ಟ್‌ಗೆ ಸೆಲ್ಯುಲೋಸ್ ಒಡೆಯೋ ಶಕ್ತಿ ಇಲ್ಲ, ಬೇರೆ ಕಿಣ್ವ ಕೊಂಡು ತಂದು ಹಾಕ್ಬೇಕು, ಅದು ದುಬಾರಿ.

ಮಂಡ್ಯದ ಮಟ್ಟಿಗೆ ಇವತ್ತೇ ಮಾಡ್ಬಹುದಾದ ಕೆಲಸ ಇವೆಲ್ಲಕ್ಕಿಂತ ಸಣ್ಣದು. ಕಡಿದ ದಿನ ಮತ್ತು ಗಂಟೆ, ತೂಕ ಹಾಕಿದ ಗಂಟೆ, ಅರೆದ ಗಂಟೆ, ಈ ಮೂರನ್ನೂ ರೈತನ ಬಿಲ್ಲಲ್ಲಿ ನಮೂದಿಸಿ, 24 ಗಂಟೆ ಮೀರಿದ್ರೆ ಕಳೆದ ತೂಕನ ಫ್ಯಾಕ್ಟರಿಯೇ ಕಟ್ಟಿಕೊಡ್ಬೇಕು ಅಂತ ಒಪ್ಪಂದದಲ್ಲಿ ಒಂದು ಸಾಲು ಸೇರಿಸೋದು.